ಅಡಿವೆವ್ವನ ಹಗೇವು ಹಾಡಿದ್ದು

ಮುಂಬಯಿ ಬಂದರದಲ್ಲಿ ಹಡಗು ಸಿಡಿದು ಬೆಂಕಿ ಬಿದ್ದ ವರ್ಷದ ವೈಶಾಖ ಮಾಸ. ಬಿಸಿಲು ಇಳಿದು ದನ ಊರೊಳಗೆ ಬರುವ ಹೊತ್ತು. ದುಂಡಸಿಯ ಗುತ್ತೆಪ್ಪ ತನ್ನ ಮನೆಯ ಕಟ್ಟೆಯ ಮೇಲೆ ಕುಳಿತು ಯಾರದೋ ಕೊಡೆಗೆ ಕಡ್ಡಿ ಕಟ್ಟುತ್ತಿದ್ದ. ಕೊಡೆ, ಕಂದೀಲು, ಬೀಗ, ಏನು ಕೈಗೆ ಸಿಕ್ಕರೂ ಬಿಚ್ಚುವುದು ಅವನ ಕಸಬು. ಬಿಚ್ಚಿದ್ದರಲ್ಲಿ ಅರ್ಧವನ್ನು ಮತ್ತೆ ಜೋಡಿಸುತ್ತಿದ್ದ. ಉಳಿದರ್ಧಕ್ಕೆ ‘ಅದು ಮೊದಲ ಕೆಟ್ಟಿತ್ತು’ ಎಂದು ಹೇಳುತ್ತಿದ್ದ.

ಎರಡು ವರ್ಷದ ಹಿಂದೆ ಅವನು ಸವಣೂರಿಗೆ ಹೋಗಿ ಒಂದು ಟೆಂಟ್ ಸಿನೆಮಾದಲ್ಲಿ ಮೂರು ತಿಂಗಳು ದುಡಿದಿದ್ದ. ಕಂಪನಿ ಮುಳುಗಿದಾಗ ಪಗಾರದ ಬದಲು ಒಂದು ಸ್ಪೀಕರು ಕೊಟ್ಟು ಕಳಿಸಿದರು. ಸ್ಪೀಕರು ಎಂದರೆ ಬರೀ ಅದರ ಕರುಳು: ಗೇಣಗಲದ ಕಾಗದದ ಬುಟ್ಟಿ, ಅದರ ಬೆನ್ನಿಗೊಂದು ಅಯಸ್ಕಾಂತ, ಎರಡು ತಂತಿ. ಅದನ್ನಿಡುವ ಮರದ ಪೆಟ್ಟಿಗೆಯನ್ನು ಕಂಪನಿಯವರು ಒಲೆಗೆ ಹಾಕಿದ್ದರು. ಅವತ್ತಿನಿಂದ ಗುತ್ತೆಪ್ಪ ರುಮಾಲನ್ನು ತುಸು ಓರೆಯಾಗಿ ಸುತ್ತತೊಡಗಿದ್ದ.

ಆ ಸಂಜೆ ಸಾಲಿ ಮಾಸ್ತರ ಮಂಜಪ್ಪ ಒಂದು ಕಾಗದ ಹಿಡಿದು ಬಂದ. ಅದು ಮುಂಬಯಿಯಿಂದ ಬಂದದ್ದು. ಗುತ್ತೆಪ್ಪನ ಅಕ್ಕ ಅಡಿವೆವ್ವನಿಗೆ, ಅವಳ ಅಳಿಯ ಮಾಳಪ್ಪ ಗಿರಣಿಯಲ್ಲಿ ಯಾರ ಕಡೆಯಿಂದಲೋ ಬರೆಸಿದ್ದು. ಅಡಿವೆವ್ವ ಪಕ್ಕದ ಮನೆಯವಳೇ. ಅವಳನ್ನು ಕರೆದರು. ಗಂಡ ಸತ್ತು ಆರು ವರ್ಷವಾದ, ಕಿವಿ ಮಂದವಾದ ಹೆಂಗಸು; ಮಾಸ್ತರ ಕಾಗದವನ್ನು ಓಣಿಗೆಲ್ಲ ಕೇಳುವಂತೆ ಓದಬೇಕಾಯಿತು. ಒಕ್ಕಣೆ ಇಷ್ಟು: ಮಗಳು ಶೇಖವ್ವ ಸುಖವಾಗಿದ್ದಾಳೆ. ಅವಳು ಚಾಳಿನಲ್ಲಿ ಹಾಡುವುದನ್ನು ಕೇಳಿದ ರೇಡಿಯೋದವರು ಕರೆದಿದ್ದಾರೆ. ಈ ಗುರುವಾರ ಬಿಟ್ಟು ಮುಂದಿನ ಗುರುವಾರ ಸಂಜೆ ಏಳಕ್ಕೆ ಮುಂಬಯಿ ರೇಡಿಯೋದಲ್ಲಿ ಹತ್ತು ನಿಮಿಷ ಬೀಸುವ ಪದ ಹಾಡುತ್ತಾಳೆ. ಅತ್ತೆಯವರು ಕೇಳಬೇಕು.

ಜನ ‘ಭಲೆ’ ಎಂದರು. ಅಡಿವೆವ್ವ ಮಾತ್ರ ಸೆರಗಿನಿಂದ ಮೂಗು ಒರೆಸಿಕೊಂಡಳು.

“ಕಾಗದದಾಗ ಎಲ್ಲಾರೂ ಜೀವಂತ ಇರ್ತಾರ” ಅಂದಳು.

ಬೆಂಕಿಯ ಸುದ್ದಿ ಊರಿಗೆ ಬಂದಂದಿನಿಂದ ಅವಳದು ಇದೇ ಮಾತು. ಮುಂಬಯಿ ಅರ್ಧ ಸುಟ್ಟಿದೆ, ಮಗಳೂ ಅದರಲ್ಲಿ ಹೋಗಿದ್ದಾಳೆ, ಮುದುಕಿ ಎದೆ ಒಡೆದುಕೊಂಡಾಳೆಂದು ಅಳಿಯ ಸುಳ್ಳು ಕಾಗದ ಬರೆಸುತ್ತಿದ್ದಾನೆ. ಮೂರು ಕಾಗದ ಬಂದರೂ ನಂಬಲಿಲ್ಲ. ಒಂದು ಹೊತ್ತು ಉಂಡರೆ ಎರಡು ಹೊತ್ತು ಹಾಗೇ ಮಲಗುತ್ತಿದ್ದಳು. ತಲೆ ಬಾಚುವುದನ್ನು ಬಿಟ್ಟಿದ್ದಳು.

“ಯಕ್ಕಾ, ಸತ್ತಾಕಿ ರೇಡಿಯೋದಾಗ ಹೆಂಗ ಹಾಡ್ತಾಳ?” ಎಂದ ಗುತ್ತೆಪ್ಪ.

“ಅಕಿ ದನಿ ನನ್ನ ಕಿವಿಗೆ ಬೀಳಲಿ. ಆಗ ನಂಬತೇನಿ.”

“ಬೀಳಸತೇನಿ. ನಿನ್ನ ಕಿವಿಗಷ್ಟ ಅಲ್ಲ, ಊರಿಗೂರ ಕೇಳೂ ಹಂಗ ಮಾಡತೇನಿ. ನಿನ್ನ ಅಂಗಳದಾಗ ಕುಂತು ಕೇಳು.”

ಕಟ್ಟೆಯ ಸುತ್ತ ಹತ್ತು ಜನ ನಿಂತಿದ್ದರು. ಹತ್ತು ಜನರೆದುರು ಆಡಿದ ಮೇಲೆ ಮಾತು ಆಡಿದವನದಲ್ಲ. ಒಳಗಿನಿಂದ ಹೆಂಡತಿ ಹೊನ್ನವ್ವ, “ಮಾಸ್ತರ್ರ, ಈ ಮಾತೂ ಒಂದ ಕಾಗದದಾಗ ಬರದ ಇಡ್ರಿ. ನಾಳೆ ಇವರು ಇದೂ ಮೊದಲ ಕೆಟ್ಟಿತ್ತು ಅಂತಾರ” ಎಂದಳು.

ಊರಲ್ಲಿದ್ದದ್ದು ಒಂದೇ ರೇಡಿಯೋ, ಬಸವಣ್ಣೆಪ್ಪಗೌಡರದು, ಬ್ಯಾಟರಿಯದು. ಗೌಡರ ಪಡಸಾಲೆಗೆ ಅಡಿವೆವ್ವನ ಮನೆಯವರು ಏರುವ ರೂಢಿ ಇರಲಿಲ್ಲ. ಅಂಗಳದಲ್ಲಿ ನಿಂತರೆ ಅವಳ ಕಿವಿಗೆ ಮುಟ್ಟುವಂತಿರಲಿಲ್ಲ. ಗುತ್ತೆಪ್ಪ ಗೌಡರ ಬಳಿ ಹೋಗಿ, ಅವರ ರೇಡಿಯೋದಿಂದ ಅಕ್ಕನ ಅಂಗಳದವರೆಗೆ ತಂತಿ ಎಳೆದು ತನ್ನ ಸ್ಪೀಕರಿಗೆ ಜೋಡಿಸುವುದಾಗಿ ಹೇಳಿದ. ಗೌಡರು ಒಪ್ಪಿದರು. ಊರ ಹೆಣ್ಣುಮಗಳು ಹಾಡುವಾಗ ಊರಿನವರು ಕೇಳಬೇಡವೇ. “ಆದ್ರ ಬ್ಯಾಟರಿ ಇಳದೀತು. ದಿನಾ ಕಾಲುತಾಸಿನ ಮ್ಯಾಲ ಹಚ್ಚಬ್ಯಾಡ” ಎಂದರು.

ತಂತಿ ಎಳೆದು ಮೊದಲ ದಿನ ಹಚ್ಚಿದಾಗ, ಪೆಟ್ಟಿಗೆಯಿಲ್ಲದ ಆ ಕಾಗದದ ಬುಟ್ಟಿಯಿಂದ ಬಂದ ದನಿ ನೆಗಡಿಯಾದ ನೊಣದ ದನಿಯಂತಿತ್ತು. ಗುತ್ತೆಪ್ಪ ಗಂಭೀರವಾಗಿ ತಲೆಯಾಡಿಸಿ, “ಗಂಟಲೈತಿ, ಎದಿ ಇಲ್ಲ. ಎದಿ ಕಟ್ಟಬೇಕು” ಎಂದ.

ಎದೆ ಕಟ್ಟಲು ಮರದ ಹಲಗೆ ಬೇಕು. ಯುದ್ಧದ ಕಾಲದಲ್ಲಿ ಹಲಗೆ ಎಲ್ಲಿಂದ ಬರಬೇಕು? ಮೊದಲು ಚಿಮಣಿಎಣ್ಣೆಯ ಡಬ್ಬಿಯ ಬಾಯಿಗೆ ಸ್ಪೀಕರು ಕೂರಿಸಿದ. ಮುಂಬಯಿಯ ಸುದ್ದಿ ಹೇಳುವವನು ಡಬ್ಬಿಯೊಳಗೆ ಸಿಕ್ಕಿಕೊಂಡು ಹೊರಗೆ ಬಿಡಿ ಎಂದು ಜಗಳಾಡಿದಂತೆ ಕೇಳಿತು. ಮರುದಿನ ಒಣಗಿದ ಹಾಲುಗುಂಬಳಕಾಯಿ ತಂದ. ಸಿತಾರದವರು ಹಾಗೇ ಮಾಡುತ್ತಾರೆಂದು ಸವಣೂರಿನಲ್ಲಿ ಕೇಳಿದ್ದ. ದನಿ ಸ್ವಲ್ಪ ಸವಿಯಾಯಿತು. ಆದರೆ ಕಾಯಿ ಪೂರ್ತಿ ಒಣಗಿರಲಿಲ್ಲ, ಮೂರನೆಯ ದಿನ ಅದರ ಮೇಲೆ ಓಣಿಯ ಆಡುಗಳಿಗೆಲ್ಲ ಪ್ರೀತಿ ಹುಟ್ಟಿತು.

ನಾಲ್ಕನೆಯ ದಿನ ಹೊನ್ನವ್ವ ನೀರಿಗೆ ಹೋದಾಗ, ಅವಳು ಹಿರೇಕೆರೂರಿನ ತವರಿನಿಂದ ತಂದ, ನೀರು ತುಂಬಿಡುವ ದೊಡ್ಡ ಮಣ್ಣಿನ ಹರವಿಯ ಹೊಟ್ಟೆಗೆ ತೂತು ಕೊರೆದ. ಹೊಸ ವಿದ್ಯೆಗೆ ಯಾರಾದರೂ ತ್ಯಾಗ ಮಾಡಬೇಕು. ಆ ಹೊತ್ತಿಗೆ ಹೊನ್ನವ್ವ ಮನೆಯಲ್ಲಿ ಇರಲಿಲ್ಲ. ಹರವಿಯಿಂದ ದನಿ ಗುಂಯ್ ಎಂದು ಬಂತು. ಅಷ್ಟರಲ್ಲಿ ಹರವಿ ಸೀಳಿತು, ಹೊನ್ನವ್ವ ತುಂಬಿದ ಕೊಡ ಹೊತ್ತು ಬಂದಳು.

“ಇದಕ್ಕ ಯಾಕ ತೂತ ಹಾಕಿದ್ರಿ?”

“ಎದಿ ಕಟ್ಟಾಕ.”

“ನನ್ನ ಎದಿ ಒಡದು ಯಾರ ಎದಿ ಕಟ್ಟತೀರಿ? ಈ ನೀರ ಎಲ್ಲಿ ಸುರೀಲಿ? ನಿಮ್ಮ ರುಮಾಲಿನ್ಯಾಗ ಸುರೀಲಿ?”

ಆ ರಾತ್ರಿಯ ಊಟ ಪಕ್ಕದ ಓಣಿಯ ಖಾದರಸಾಬನ ಮನೆಯಲ್ಲಿ ಆಯಿತು. ಖಾದರಸಾಬ ಹತ್ತಿ ಹಿಂಜಿ ಗಾದಿ ಹೊಲಿಯುವವನು, ಗುತ್ತೆಪ್ಪನಿಗಿಂತ ಹತ್ತು ವರ್ಷ ಹಿರಿಯ, ಮಾತು ಕಡಿಮೆ.

ಮರುದಿನ ಮುಂಜಾನೆ ಇಬ್ಬರೂ ಮೇಲಿನ ಓಣಿಯಲ್ಲಿ ಬರುವಾಗ ಅಲ್ಲೊಬ್ಬರು ಹಗೇವು ತೆಗೆದಿದ್ದರು. ಹಗೇವು ಎಂದರೆ ಜೋಳ ತುಂಬಿಡಲು ನೆಲದಲ್ಲಿ ತೋಡಿದ ಕೊಠಡಿ; ಬಾಯಿ ಮೊಳದಷ್ಟು, ಹೊಟ್ಟೆ ಮನೆಯಷ್ಟು. ಬಹಳ ದಿನ ಮುಚ್ಚಿದ ಹಗೇವಿನಲ್ಲಿ ಕೆಟ್ಟ ಗಾಳಿ ನಿಂತಿರುತ್ತದೆ. ಹಾಗಾಗಿ ಹಿಂದಿನ ದಿನ ಬಾಯಿ ತೆರೆದು, ಮರುದಿನ ಕಂದೀಲು ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಆಳನ್ನು ಇಳಿಸುತ್ತಾರೆ. ಇಳಿದಿದ್ದ ಆಳು ಒಳಗಿನಿಂದ, “ಒಂದ ಬೀಡಿ ಒಗೀರಿ” ಎಂದ. ಅಷ್ಟೇ ಮಾತು. ಅದು ಅರಮನೆಯ ನಗಾರಿಯಂತೆ ನೆಲದಿಂದ ಎದ್ದು ಬಂತು.

ಗುತ್ತೆಪ್ಪ ನಿಂತಲ್ಲೇ ನಿಂತ.

“ಖಾದರಣ್ಣ, ಕೇಳಿದಿ?”

“ಕೇಳಿದೆ. ನನ್ನ ಕಡೆ ಬೀಡಿ ಇಲ್ಲ.”

“ಬೀಡಿ ಅಲ್ಲೋ. ಎದಿ.”

ಖಾಲಿ ಹಗೇವು ಬೇಕೆಂದು ಗುತ್ತೆಪ್ಪ ಓಡಿದ್ದು ಗೌಡರಲ್ಲಿಗೆ. ಆ ವರ್ಷ ಸರಕಾರ ಲೆವಿ ಹಾಕಿತ್ತು. ಮನೆಯ ಖರ್ಚಿಗೆ ಬಿಟ್ಟು ಮಿಕ್ಕ ಜೋಳವನ್ನು ಸರಕಾರಕ್ಕೆ ಮಾರಬೇಕು. ಗೌಡರು ತಮ್ಮ ಹಿತ್ತಲಿನ ಎರಡು ಹಗೇವು ಖಾಲಿ ಎಂದು ಬರೆಸಿದ್ದರು. ಆದರೆ ಗುತ್ತೆಪ್ಪ ಕೇಳಿದ ಕೂಡಲೇ ಅವರ ಕೈಯ ಅಡಿಕೆ ಕೆಳಗೆ ಬಿತ್ತು.

“ಖಾಲಿ ಏನೋ ಅದಾವು. ಆದ್ರ ಹಾವು ಸೇರ್ಯಾವ” ಎಂದರು.

“ಎರಡರಾಗೂ ಏನ್ರಿ?”

“ಎರಡರಾಗೂ. ಜೋಡಿ ಹಾವು.”

ಗುತ್ತೆಪ್ಪ ಹಾವಿಗೆ ಅಂಜಿ ಬಂದ. ಆಮೇಲೆ ನೆನಪಾಯಿತು: ಅಕ್ಕನ ಅಂಗಳದಲ್ಲೇ ಹಗೇವಿದೆ. ಭಾವ ಲಾವಣಿಗೆ, ಅಂದರೆ ಗೇಣಿಗೆ, ಹೊಲ ಮಾಡುತ್ತಿದ್ದಾಗ ತೋಡಿದ್ದು, ಹದಿನೈದು ಚೀಲದ್ದು, ಆರು ವರ್ಷದಿಂದ ಬರಿದು. ದಿನಾ ಅದರ ಮುಚ್ಚಳದ ಕಲ್ಲಿನ ಮೇಲೆ ಕುಳಿತೇ ಅವನು ಚಿಂತೆ ಮಾಡುತ್ತಿದ್ದ.

ಕೆಲಸ ಶುರುವಾಯಿತು. ಬಾಯಿ ತೆರೆದು ಒಂದು ದಿನ ಬಿಟ್ಟರು, ಕಂದೀಲು ಇಳಿಸಿದರು, ಗುತ್ತೆಪ್ಪ ಇಳಿದ. ಬರೀ ಮಣ್ಣಿನ ಗೋಡೆಗೆ ದನಿ ಬಡಿದು ಒಡೆಯುತ್ತದೆಂದು ಗೋಡೆಗುಂಟ ಜೋಳದ ಒಣದಂಟಿನ ಕಣಿಕಿ ನಿಲ್ಲಿಸಿದ, ತಳಕ್ಕೆ ಹೊಟ್ಟು ಹಾಸಿದ. ಆದರೂ ಕೂಗಿದರೆ ಒಂದು ಮಾತು ಮೂರಾಗಿ ಬರುತ್ತಿತ್ತು.

“ಹತ್ತಿ ಹಾಕು. ಹತ್ತಿ ಹೆಚ್ಚಿಗಿ ಮಾತು ನುಂಗತೈತಿ. ನಮ್ಮ ಮನ್ಯಾಗ ನೋಡು, ಎಷ್ಟ ಶಾಂತ ಐತಿ” ಎಂದ ಖಾದರಸಾಬ. ರಟ್ಟೀಹಳ್ಳಿಯ ಒಂದು ಮದುವೆ ಗಾದಿಗೆ ಹಿಂಜಿಟ್ಟ ಹತ್ತಿಯನ್ನೇ ಎರಡು ದೊಡ್ಡ ಚೀಲ ತಂದು ಇಳಿಸಿದ. ಬಾಯಿಗೆ ಹೊನ್ನವ್ವನ ದನದ ಕೊಟ್ಟಿಗೆಯ ಬಾಗಿಲನ್ನು ತೂತು ಕೊರೆದು ಮುಚ್ಚಿದರು. ತೂತಿನಲ್ಲಿ ಸ್ಪೀಕರು ಕೂರಿಸಿ ಸುತ್ತ ಕೆಸರು ಮೆತ್ತಿದರು. ಆಡುಗಳ ಭಯಕ್ಕೆ ಅದರ ಮೇಲೊಂದು ಬಿದಿರಿನ ಹೆಡಗಿ ಬುಟ್ಟಿಯನ್ನು ಬೋರಲಾಗಿ ಡಬ್ಬು ಹಾಕಿದರು.

ಈಗ ಊರಿನವರ ಕಣ್ಣಿನಿಂದ ನೋಡಿರಿ. ಲೆವಿಯ ಕಾಲ. ಒಬ್ಬ ಮನುಷ್ಯ ಗೌಡರ ಮನೆಗೆ ದಿನಾ ಹೋಗಿಬರುತ್ತಾನೆ. ಬರಿದಾದ ಹಗೇವಿಗೆ ಕಣಿಕಿ, ಹೊಟ್ಟು ಇಳಿಸುತ್ತಾನೆ; ಜೋಳ ತುಂಬುವ ಮುನ್ನ ಮಾಡುವುದೇ ಅದು. ಮೇಲೆ ತುಂಬಿದ ಎರಡು ಚೀಲ ಒಳಗೆ ಹೋಗುತ್ತವೆ, ಬಾಯಿಗೆ ಕೆಸರು ಬೀಳುತ್ತದೆ. ಕೇಳಿದರೆ, “ಗುರುವಾರ ಗೊತ್ತಾಗತೈತಿ” ಎಂದು ರುಮಾಲು ಇನ್ನಷ್ಟು ಓರೆ ಮಾಡುತ್ತಾನೆ. ಗೌಡರ ಜೋಳ ಅಡಿವೆವ್ವನ ಹಗೇವಿಗೆ ಹೋಯಿತೆಂಬ ಸುದ್ದಿ ಸೋಮವಾರ ತಡಸದಲ್ಲಿತ್ತು, ಬುಧವಾರ ಶಿಗ್ಗಾವಿಯಲ್ಲಿತ್ತು. ಗುರುವಾರ ಸಂಜೆ ಐದಕ್ಕೆ ಲೆವಿ ತನಿಖೆಯ ಧಾನ್ಯದ ಸಾಹೇಬ ಇಬ್ಬರು ಸಿಪಾಯಿಗಳೊಂದಿಗೆ ಟಾಂಗಾ ಇಳಿದು ನೇರ ಅಡಿವೆವ್ವನ ಅಂಗಳಕ್ಕೆ ಬಂದ.

ಅಡಿವೆವ್ವ ಅಂದು ತಲೆ ಬಾಚಿ ಬಾಗಿಲಲ್ಲಿ ಕುಳಿತಿದ್ದಳು. ಸರಕಾರದ ಟೊಪ್ಪಿಗೆ ಕಂಡದ್ದೇ ಹೊಸ್ತಿಲು ಹಿಡಿದುಕೊಂಡಳು. “ಮುಂಬಯಿಂದ ಸಾವಿನ ತಾರ ತಂದಾರ” ಎಂದಳು. ಅಲ್ಲವೆಂದು ಹೊನ್ನವ್ವ ಅವಳ ಕೈ ಹಿಡಿದು ಕುಳಿತಳು.

ಸಾಹೇಬ ಕಾಗದ ತೆಗೆದ.

“ಈ ಹಗೇವಿನ್ಯಾಗ ಏನೈತಿ?”

“ಗಾಳಿ ಐತ್ರಿ” ಎಂದ ಗುತ್ತೆಪ್ಪ.

“ಎಷ್ಟು?”

“ಹದಿನೈದು ಚೀಲದ್ದ ಐತ್ರಿ.”

“ಗಾಳಿಗೆ ಕಣಿಕಿ, ಹೊಟ್ಟು ಯಾಕ ಹಾಕಿದಿ?”

“ದನಿ ಒಡೀಬಾರದಂತ್ರಿ.”

“ಎರಡು ಚೀಲ ಏನು ಇಳಿಸಿದಿ?”

“ಹತ್ತಿ ರಿ. ದನಿ ಮೆತ್ತಗಾಗ್ಲೆಂತ.”

ಸಾಹೇಬ ಸಿಪಾಯಿಗೆ ಕಾಗದ ಕೊಟ್ಟು, “ಬರಕೋ. ಹುಚ್ಚನ ಸೋಗು ಹಾಕತಾನ” ಎಂದ. ಆಮೇಲೆ, “ಬಾಗಿಲ ಕಿತ್ತು ತಗೀರಿ” ಎಂದ.

ಬಾಗಿಲು ಕಿತ್ತರೆ ಕೆಸರು ಒಡೆಯುತ್ತದೆ, ಕಾಗದ ಹರಿಯುತ್ತದೆ. ಏಳಕ್ಕೆ ಇನ್ನೂ ಎರಡು ತಾಸು. ಗುತ್ತೆಪ್ಪ ಅಕ್ಕನನ್ನೊಮ್ಮೆ ನೋಡಿದ. ಇವತ್ತು ತಪ್ಪಿದರೆ ಅವಳು ಇನ್ನು ಯಾವ ಕಾಗದವನ್ನೂ ನಂಬುವವಳಲ್ಲ. ಮಳೆಗಾಲ ದಾಟುವವಳೂ ಅಲ್ಲ.

ಆಗ ಖಾದರಸಾಬ ಮುಂದೆ ಬಂದ. “ತಗೀರಿ ಸಾಹೇಬ್ರ, ಸರಕಾರಿ ಹುಕುಂ. ಆದ್ರ ತಗದ ಕೂಡ್ಲೇ ಇಳಿಯೋ ಆಳು ಬದುಕಿ ಬರಾಂಗಿಲ್ಲ. ಮುಂಜಾನೆ ತಗದು, ತಾಸೊತ್ತು ಗಾಳಿ ಆಡಿಸಿ, ದೀಪಾ ಬಿಟ್ಟು ನೋಡಿ ಇಳೀಬೇಕು. ಇವತ್ತ ಇಳಸೋದಿದ್ರ ಯಾರ ಇಳೀತಾರ ಹೇಳ್ರಿ. ಅವರ ಅಪ್ಪನ ಹೆಸರೂ ಬರದಿಟ್ಟುಕೊಳ್ಳೋಣು.”

ಸಾಹೇಬ ಸಿಪಾಯಿಗಳನ್ನು ನೋಡಿದ. ಸಿಪಾಯಿಗಳು ಆಕಾಶ ನೋಡಿದರು.

“ಆತು, ನಾಳೆ ತಗಿಯೋಣು. ಅಲ್ಲೀತನಕ ಒಂದು ಕಾಳೂ ಕದಲಬಾರದು” ಎಂದು ಸಾಹೇಬ ಅತ್ತಿತ್ತ ನೋಡಿದ. ಕೂರಲು ಬೇರೇನೂ ಕಾಣಲಿಲ್ಲ. ಡಬ್ಬು ಹಾಕಿದ ಹೆಡಗಿಯ ಮೇಲೆ, ಸ್ಪೀಕರಿನ ನೆತ್ತಿಯ ಮೇಲೆ, ಕಾಲ ಮೇಲೆ ಕಾಲು ಹಾಕಿ ಕುಳಿತ.

ಸುದ್ದಿ ತಿಳಿದು ಗೌಡರೇ ಓಡಿ ಬಂದರು. “ಸಾಹೇಬ್ರ, ನಮ್ಮ ಮನಿಗೆ ಬರ್ರಿ, ಚಾ ಕುಡೀರಿ. ಇಲ್ಲಾ, ಬ್ಯಾಡ, ಮನಿ ದೂರ ಆಗತೈತಿ, ಚಾ ಇಲ್ಲೇ ತರಸ್ತೇನಿ” ಎಂದು ಎರಡು ಮಾತೂ ತಾವೇ ಆಡಿದರು. ಸಾಹೇಬ ಚಹಾ ಅಲ್ಲೇ ಕುಡಿದ. ಏಳಲಿಲ್ಲ.

ಆರೂವರೆಗೆ ಊರೆಲ್ಲ ಅಂಗಳದಲ್ಲಿ ನೆರೆಯಿತು. ಮಾಸ್ತರ ಮಂಜಪ್ಪ ರೇಡಿಯೋ ಹಚ್ಚಲು ಗೌಡರ ಪಡಸಾಲೆಯಲ್ಲಿ ಕುಳಿತಿದ್ದ. ಏಳಾಗುತ್ತ ಬಂದಂತೆ ಗುತ್ತೆಪ್ಪ ಸಾಹೇಬನ ಸುತ್ತ ಮೂರು ಸುತ್ತು ಬಂದ.

“ಸಾಹೇಬ್ರ, ತುಸು ಏಳ್ತೀರೇನ್ರಿ?”

“ಯಾಕ?”

“ಹುಡುಗಿ ಹಾಡ್ತಾಳ್ರಿ.”

“ಎಲ್ಲಿ?”

“ನಿಮ್ಮ ಕೆಳಗ್ರಿ.”

ಸಾಹೇಬ ಸಿಪಾಯಿಗೆ “ಇದನ್ನೂ ಬರಕೋ” ಎಂದ. ಸಿಪಾಯಿ ಬರೆಯಲು ಪೆನ್ಸಿಲ್ ನಾಲಿಗೆಗೆ ಹಚ್ಚಿದ. ಅದೇ ಗಳಿಗೆಗೆ ಮಾಸ್ತರ ರೇಡಿಯೋದ ಕಿವಿ ಹಿಂಡಿದ.

ನೆಲ ಒಮ್ಮೆ ಗುಡುಗಿತು. ಆಮೇಲೆ ಸಾಹೇಬನ ಕೆಳಗಿನಿಂದ ಗಂಡಸೊಬ್ಬನ ಗಂಭೀರ ದನಿ, ಹದಿನೈದು ಚೀಲದ ದನಿ, ಇದು ಮುಂಬಯಿ ಎಂದು ತಿಳಿಸಿತು. ಸಾಹೇಬ ಎಷ್ಟು ಎತ್ತರ ಹಾರಿದ ಎಂಬುದರಲ್ಲಿ ದುಂಡಸಿಯವರಲ್ಲಿ ಇವತ್ತಿಗೂ ಒಮ್ಮತವಿಲ್ಲ. ಟೊಪ್ಪಿಗೆ ಹೊನ್ನವ್ವನ ಉಡಿಯಲ್ಲಿ ಬಿತ್ತೆಂಬುದನ್ನು ಮಾತ್ರ ಎಲ್ಲರೂ ಒಪ್ಪುತ್ತಾರೆ. ಗುತ್ತೆಪ್ಪ ಹೆಡಗಿ ಎತ್ತಿ ಬಿಸಾಡಿದ.

ಕಲ್ಲು ಕಲ್ಲಿಗೆ ತಿಕ್ಕುವ ಸಪ್ಪಳ ಮೊದಲು ಬಂತು. ರೇಡಿಯೋದವರು ಎಲ್ಲಿಂದಲೋ ಒಂದು ಬೀಸುಕಲ್ಲು ತಂದು ಇಟ್ಟಿದ್ದರು. ಅದರ ಹಿಂದೆ ಹೆಣ್ಣುದನಿ ಎದ್ದಿತು. ಡಬ್ಬಿಯದಲ್ಲ, ಹರವಿಯದಲ್ಲ, ಮೆತ್ತಗೆ, ತುಂಬಿ, ನೆಲದೊಳಗಿನ ನೀರು ಮೇಲೆ ಬಂದ ಹಾಗೆ ಬಂದು ಓಣಿಯನ್ನು ತುಂಬಿತು. ತವರಿನ ಪದ. ತವರೂರ ಹೊಲ, ತವರೂರ ಹಾದಿ ಎಂದು ಹೊಗಳುತ್ತ ಹೋಗಿ ಒಂದು ನುಡಿಯಲ್ಲಿ ‘ದುಂಡಸಿ’ ಎಂದಿತು. ಊರಿನ ಹೆಸರು ಮುಂಬಯಿಗೆ ಹೋಗಿ ತಮ್ಮದೇ ನೆಲದೊಳಗಿನಿಂದ ಎದ್ದದ್ದನ್ನು ಕೇಳಿ ಗಂಡಸರು ಒಬ್ಬರನ್ನೊಬ್ಬರು ನೋಡದೆ ನಿಂತರು.

ಅಡಿವೆವ್ವ ಎದ್ದು ಬಂದು ಹಗೇವಿನ ಪಕ್ಕ ಕುಳಿತು, ಬಾಗಿಲ ಹಲಗೆಯ ಮೇಲೆ ಎರಡೂ ಅಂಗೈ ಊರಿದಳು. ಹಲಗೆ ಮಗುವಿನ ಬೆನ್ನಿನಂತೆ ನಡುಗುತ್ತಿತ್ತು. ಕಿವಿಯನ್ನು ಹತ್ತಿರ ತಂದಳು.

“ಅಕಿನ” ಎಂದಳು. ಇನ್ನೊಂದು ನುಡಿ ಕೇಳಿ, “ನಮ್ಮ ಶೇಖಿನ. ಉಸರ ಹಿಡಿಯೂದು ನೋಡ್ರಿ, ನನ್ನಂಗ ಹಿಡೀತಾಳ.”

ಹತ್ತು ನಿಮಿಷ ಮುಗಿಯುವವರೆಗೆ ಅವಳು ಕೈ ಎತ್ತಲಿಲ್ಲ. ಗುತ್ತೆಪ್ಪ ಮೂಗು ಒರೆಸಿಕೊಳ್ಳಲು ರುಮಾಲು ಬಿಚ್ಚಿದ. ಸಾಹೇಬ ಟೊಪ್ಪಿಗೆಯನ್ನು ಕೈಯಲ್ಲೇ ಹಿಡಿದು ನಿಂತಿದ್ದ.

ಇಲ್ಲಿಗೆ ಮುಗಿಸಿದ್ದರೆ ಗುತ್ತೆಪ್ಪ ಶಾಣ್ಯಾ ಅನ್ನಿಸಿಕೊಳ್ಳುತ್ತಿದ್ದ. ಆದರೆ ಸಾಹೇಬ ಬಂದು ಬೆನ್ನು ತಟ್ಟಿ, “ಏನೋ ಮಾರಾಯ, ಇದು ಹೆಂಗ ಮಾಡಿದಿ?” ಎಂದುಬಿಟ್ಟ. ಜನ್ಮದಲ್ಲಿ ಯಾರೂ ಅವನನ್ನು ಹಾಗೆ ಕೇಳಿರಲಿಲ್ಲ.

“ಅದೇನ ದೊಡ್ಡದಲ್ರಿ. ಹಗೇವು ಖಾಲಿ ಇರಬೇಕು. ಖಾಲಿ ಇದ್ರ ಎದಿ ಆಗತೈತಿ, ಜ್ವಾಳಾ ತುಂಬಿದ್ರ ಸತ್ತ ಕಲ್ಲಾಗತೈತಿ. ಒಳಗ ಇಳಿಯೂದೂ ಬ್ಯಾಡ್ರಿ. ಮ್ಯಾಲ ನಿಂತು ಕಾಲ ಬಡದ್ರ ಸಾಕು, ಖಾಲಿ ಇದ್ದದ್ದು ಮಾತಾಡತೈತಿ, ತುಂಬಿದ್ದು ಸುಮ್ಮನಿರತೈತಿ.” ಬಡಿದೂ ತೋರಿಸಿದ. ಅಡಿವೆವ್ವನ ಅಂಗಳ ಡಂಯ್ ಎಂದಿತು.

ಗೌಡರು ಕೆಮ್ಮಿದರು. ಸಾಹೇಬ ಆ ಕೆಮ್ಮನ್ನು ಕೇಳಿಸಿಕೊಂಡು, “ಭಾಳ ಚೊಲೋ ವಿದ್ಯಾ” ಎಂದ.

ಶುಕ್ರವಾರ ಮುಂಜಾನೆ ಅಡಿವೆವ್ವನ ಹಗೇವು ತೆಗೆದು, ತಾಸು ಹೊತ್ತು ಬಿಟ್ಟು, ಕಂದೀಲು ಇಳಿಸಿ ನೋಡಿದರು. ಹತ್ತಿ, ಕಣಿಕಿ, ಹೊಟ್ಟು. ಸಾಹೇಬ ‘ಗಾಳಿ’ ಎಂದೇ ಬರೆದು ಸಹಿ ಹಾಕಿದ. ಆಮೇಲೆ ಕೆಲಸವಿಲ್ಲದವನಂತೆ ಅಡ್ಡಾಡುತ್ತ ಗೌಡರ ಹಿತ್ತಲಿಗೆ ಹೋಗಿ, ಖಾಲಿ ಎಂದು ಬರೆಸಿದ್ದ ಮೊದಲ ಹಗೇವಿನ ಮೇಲೆ ಬೂಟು ಬಡಿದ. ನೆಲ ಧಪ್ ಎಂದು ಬಾಯಿ ಮುಚ್ಚಿತು. ಎರಡನೆಯದೂ ಧಪ್.

“ಇದರಾಗ ಹಾವು ಅದಾವ್ರಿ” ಎಂದರು ಗೌಡರು, ಸಣ್ಣ ದನಿಯಲ್ಲಿ.

“ಬಾಯಿತನಕ ತುಂಬ್ಯಾವಂತ ಕಾಣತೈತ್ರಿ” ಎಂದ ಖಾದರಸಾಬ.

ಶನಿವಾರ ಗೌಡರ ಜೋಳ ಆರು ಗಾಡಿಗಳಲ್ಲಿ ಹೋಯಿತು. ಅದರ ಹಿಂದಿನ ಟಾಂಗಾದಲ್ಲಿ ಸಾಹೇಬ ಹೋದ. ಗೌಡರು ಗುತ್ತೆಪ್ಪನನ್ನು ಕಂಡರೆ ಮುಖ ತಿರುವಿದ್ದು ಒಂದೇ ದಿನ. ಭಾನುವಾರ ಹಾನಗಲ್ಲಿನ ಅವರ ಬೀಗರು ಹಾಡಿದ ನೆಲವನ್ನು ನೋಡಲು ಬಂದಾಗ ತಾವೇ ಕರೆತಂದು, “ನಮ್ಮ ರೇಡಿಯೋ, ನಮ್ಮ ಗುತ್ತೆಪ್ಪ” ಎಂದು ತೋರಿಸಿದರು. ಹೊನ್ನವ್ವ ಕೊಟ್ಟಿಗೆಗೆ ಬಾಗಿಲಿಲ್ಲದೆ ದನಗಳನ್ನು ಕಟ್ಟಿ ಹಾಕುತ್ತಿದ್ದಳು. ಬಂದ ಹೆಂಗಸರಿಗೆಲ್ಲ ಆ ತೂತು ಬಾಗಿಲನ್ನು ತೋರಿಸಿ, “ನಂದು” ಎನ್ನುತ್ತಿದ್ದಳು.

ಅಡಿವೆವ್ವ ಈ ಗದ್ದಲದಲ್ಲಿ ಇರಲಿಲ್ಲ. ಮೂರು ದಿನ ಮೂರು ಹೊತ್ತೂ ಉಂಡಳು. ಉಳಿದ ಹೊತ್ತು ರೊಟ್ಟಿ ಬಡಿದು ಒಣಗಿಸಿದಳು. ಗಂಟು ಕಟ್ಟಿ ಬಂದು ಕಟ್ಟೆಯ ಹತ್ತಿರ ನಿಂತಾಗ ಗುತ್ತೆಪ್ಪ ಕೇಳಿದ:

“ಎಲ್ಲಿಗೆ ಯಕ್ಕಾ?”

“ಮುಂಬಯಿಗೆ.”

“ಅಕಿ ಅರಾಮ ಅದಾಳಂತ ಗೊತ್ತಾತಲ್ಲ. ಈ ವಯಸ್ಸಿನ್ಯಾಗ ಅಷ್ಟು ದೂರ ಯಾಕ?”

“ಅರಾಮ ಅದಾಳಂತ ಗೊತ್ತಾದ್ದಕ್ಕ ಹೊಂಟೇನಿ. ಪದದ ನಡುವ ಒಂದ ನುಡಿ ನುಂಗಿ ಹಾಡ್ಯಾಳ. ಜಗತ್ತ ಕೇಳಿತು. ಕುಂದರಿಸಿ ಕಲಿಸಿ ಬರತೇನಿ.”

ಖಾದರಸಾಬ ರಟ್ಟೀಹಳ್ಳಿಯ ಗಾದಿಯನ್ನು ತಡಮಾಡಿ ಅವಳಿಗಾಗಿ ಗಾಡಿ ಕಟ್ಟಿದ. ಸೋಮವಾರ ಮುಂಜಾನೆ, ಬಿಸಿಲು ಏರುವ ಮೊದಲೇ, ಅಡಿವೆವ್ವ ರೈಲು ಹಿಡಿಯಲು ಹುಬ್ಬಳ್ಳಿಯ ಹಾದಿ ಹಿಡಿದಳು.